ಬಿದ್ದ ಮರಿಗೆ ಅಪ್ಪ–ಅಮ್ಮ ಇದ್ದಾರೆ

ಏಪ್ರಿಲ್ ಕಳೆದು ಮೇ ಕಾಲಿಡುವ ಹೊತ್ತಿಗೆ ನಮ್ಮ ಊರುಗಳಲ್ಲಿ ಕಾಗೆ ತಲೆಗೆ ಕುಕ್ಕಿದ ಸುದ್ದಿ ಶುರುವಾಗುತ್ತದೆ. ಹಾಲಿನ ಪ್ಯಾಕೆಟ್ ತರಲು ಹೊರಟವರು, ಟ್ಯೂಷನ್ನಿಗೆ ಹೋಗುವ ಮಕ್ಕಳು, ಹೆಲ್ಮೆಟ್ ಕೈಯಲ್ಲಿ ಹಿಡಿದು ಬೈಕಿನತ್ತ ನಡೆಯುವವರು, ಯಾರನ್ನೂ ಬಿಡದೆ ಹಿಂದಿನಿಂದ ಬಂದು ನೆತ್ತಿಗೆ ಪಟ್ಟನೆ ಹೊಡೆದು ಹೋಗುತ್ತದೆ. ಕಾಗೆ ಮುಟ್ಟಿದರೆ ಶನಿ ಹೆಗಲೇರಿದ ಹಾಗೆ ಎಂದು ನಂಬುವ ಮನೆಗಳಲ್ಲಿ ತಲೆಗೆ ಸ್ನಾನ, ಎಳ್ಳುಬತ್ತಿ, ಶನಿವಾರ ಗುಡಿಗೊಂದು ಸುತ್ತು. ಎಳ್ಳುಬತ್ತಿ ಅವರವರ ನಂಬಿಕೆಗೆ ಬಿಟ್ಟದ್ದು. ಆದರೆ ಗುಡಿಗೆ ಹೊರಡುವ ಮುಂಚೆ ಕಾಗೆ ಕುಕ್ಕಿದ ಜಾಗಕ್ಕೆ ಮರಳಿ ಬೇಲಿಗಿಡದ ಬುಡ, ನಿಂತ ಕಾರಿನ ಅಡಿ, ಚರಂಡಿಯ ಅಂಚು ನೋಡಿ. ಬಹಳ ಸಲ ಅಲ್ಲೊಂದು ಮರಿ ಕೂತಿರುತ್ತದೆ. ಮೋಟು ಬಾಲ, ಬಾಯೊಳಗೆಲ್ಲ ನಸುಗೆಂಪು. ಗಾತ್ರದಲ್ಲಿ ಹೆಚ್ಚುಕಡಿಮೆ ದೊಡ್ಡ ಕಾಗೆಯೇ, ಹಾರಾಟ ಮಾತ್ರ ಅಷ್ಟಕ್ಕಷ್ಟೆ. ನಿಮ್ಮ ತಲೆಗೆ ಹೊಡೆದದ್ದು ಅದರ ಅಪ್ಪನೋ ಅಮ್ಮನೋ.

ಕಾಗೆಗೆ ಧೈರ್ಯ ಜಾಸ್ತಿ. ಹಾಗಾಗಿ ಮರಿಗೆ ಹೆತ್ತವರಿದ್ದಾರೆ ಎಂಬುದು ನಮಗೆ ತಲೆಗೆ ಪೆಟ್ಟು ಬಿದ್ದೇ ಗೊತ್ತಾಗುತ್ತದೆ. ಪಿಕಳಾರ, ಗೊರವಂಕ, ಮಡಿವಾಳ, ಸೂರಕ್ಕಿಗಳಿಗೆ ಅಷ್ಟು ಎದೆಗಾರಿಕೆ ಇಲ್ಲ. ಅವೂ ಅಷ್ಟೇ ಹತ್ತಿರದಲ್ಲಿರುತ್ತವೆ, ಆದರೆ ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡು ಕೇಬಲ್ ತಂತಿಯ ಮೇಲೆ ಚಡಪಡಿಸುತ್ತಿರುತ್ತವೆ. ನಾವು ಮರಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿರುವಷ್ಟು ಹೊತ್ತು ಅವು ಕೆಳಗಿಳಿಯುವುದಿಲ್ಲ. ‘ಪಾಪ, ಯಾರೂ ಬರ್ತಿಲ್ವಲ್ಲ’ ಎಂದು ನಾವು ಮರಿಯನ್ನು ಶೂ ಡಬ್ಬಿಗೆ ಹಾಕಿಕೊಂಡು ಮನೆಗೆ ಬರುತ್ತೇವೆ. ನಮ್ಮ ಲೆಕ್ಕದಲ್ಲಿ ಅದು ಪ್ರಾಣ ಉಳಿಸಿದ್ದು. ತಂತಿಯ ಮೇಲೆ ಕೂತವರ ಲೆಕ್ಕದಲ್ಲಿ ಮಕ್ಕಳ ಕಳ್ಳತನ.

ನೆಲದ ಮೇಲೆ ಮರಿ ಕಂಡಾಗ ನಮ್ಮಲ್ಲಿ ಮೊದಲು ಬರುವ ಪ್ರಶ್ನೆ ‘ಏನು ತಿನ್ನಿಸಬೇಕು?’ ಎಂಬುದು. ಮನೆಗೆ ಬಂದವರಿಗೆ ಮೊದಲು ತಟ್ಟೆ ಇಡುವ ಜನ ನಾವು, ಬೇರೆ ಪ್ರಶ್ನೆ ಹೊಳೆಯುವುದಾದರೂ ಹೇಗೆ! ಆದರೆ ಹಕ್ಕಿಮರಿಯ ವಿಷಯದಲ್ಲಿ ಊಟದ ಪ್ರಶ್ನೆ ಬರುವುದು ಕಟ್ಟಕಡೆಗೆ. ಮೊದಲು ಕೇಳಬೇಕಾದದ್ದು: ಇದು ಬಿದ್ದ ಮರಿಯೋ, ಇಳಿದ ಮರಿಯೋ?

ಇಳಿದ ಮರಿ ಎಂದರೆ ತಾನಾಗಿಯೇ ಗೂಡು ಬಿಟ್ಟದ್ದು. ಚಿಕ್ಕ ಹಕ್ಕಿಗಳ ಮರಿಗಳು ಚೆನ್ನಾಗಿ ಹಾರಲು ಕಲಿತ ಮೇಲೆ ಗೂಡು ಬಿಡುತ್ತವೆ ಎಂದು ನಾವು ಊಹಿಸಿಕೊಂಡಿರುತ್ತೇವೆ. ನಡೆಯುವುದು ಬೇರೆ. ಪಿಕಳಾರದ ಮರಿ ಮೊಟ್ಟೆಯೊಡೆದು ಎರಡು ವಾರ ತುಂಬುವ ಮುಂಚೆಯೇ ಗೂಡಿನಿಂದ ಹೊರಬೀಳುತ್ತದೆ. ಗುಬ್ಬಚ್ಚಿಯ ಮರಿಗೆ ಎರಡು ವಾರದ ಆಚೀಚೆ. ಆಗ ಅದಕ್ಕೆ ಮೈತುಂಬ ಪುಕ್ಕ ಬಂದಿರುತ್ತದೆ, ಬಾಲ ಮಾತ್ರ ಬೆರಳಿನ ಒಂದು ಗೆಣ್ಣಿನಷ್ಟು. ಬಾಯಂಚಿನಲ್ಲಿ ಇನ್ನೂ ಎಳೆತನದ ಹಳದಿ. ಕುಪ್ಪಳಿಸುತ್ತದೆ, ಹೂಕುಂಡದ ಅಂಚಿಗೆ ಹತ್ತುತ್ತದೆ, ಎರಡು ಮಾರು ಹಾರಿ ಗೋಡೆಗೆ ಬಡಿದು ಜಾರುತ್ತದೆ, ನಿಮ್ಮ ಬೆರಳಿಗೆ ಕಾಲು ಕೊಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇದು ಅಪಘಾತವಲ್ಲ, ಪಾಠ. ಗೂಡು ಒಂದೇ ಜಾಗದಲ್ಲಿ ವಾರಗಟ್ಟಲೆ ಇದ್ದಷ್ಟೂ ಹಾವು, ಬೆಕ್ಕು, ಕೆಂಬೂತಗಳಿಗೆ ಅದರ ವಿಳಾಸ ಸಿಗುತ್ತದೆ. ಮೂರು ಮರಿ ಮೂರು ಪೊದೆಯಲ್ಲಿ ಚದುರಿ ಕೂತರೆ ಒಂದಾದರೂ ಉಳಿಯುತ್ತದೆ. ಆಮೇಲೂ ಎರಡು ಮೂರು ವಾರ ಅಪ್ಪ–ಅಮ್ಮ ಪೊದೆಯಿಂದ ಪೊದೆಗೆ ಹುಡುಕಿಕೊಂಡು ಬಂದು ಗುಟುಕು ಕೊಡುತ್ತವೆ; ಯಾವುದು ಹುಳು, ಯಾವುದು ಕಡ್ಡಿ, ಯಾವ ನೆರಳು ಗಿಡುಗನದು ಎಂಬ ಪಾಠವೂ ಈ ದಿನಗಳಲ್ಲೇ. ಮನೆಯೊಳಗೆ ಶೂ ಡಬ್ಬಿಯಲ್ಲಿ ಬೆಳೆದ ಮರಿಗೆ ಇದನ್ನು ಯಾರು ಕಲಿಸುತ್ತಾರೆ?

ಇಂಥ ಮರಿ ಸಿಕ್ಕರೆ ಮಾಡಬೇಕಾದ ಕೆಲಸ ಬಲು ಕಡಿಮೆ. ರಸ್ತೆಯ ನಡುವೆ ಕೂತಿದ್ದರೆ ಎತ್ತಿ ಪಕ್ಕದ ಪೊದೆಗೋ ತಗ್ಗಿನ ಕೊಂಬೆಗೋ ಇಡುವುದು. ನಾಯಿಯನ್ನು ಕಟ್ಟಿಹಾಕುವುದು. ಮಕ್ಕಳನ್ನು, ಮೊಬೈಲ್ ಹಿಡಿದು ಬಂದ ದೊಡ್ಡವರನ್ನೂ, ದೂರ ಕಳಿಸುವುದು. ಮತ್ತೆ ಗೂಡಿಗೆ ಹತ್ತಿಸಲು ಹೋಗಬೇಡಿ; ಹೊರಬಿದ್ದ ಮರಿ ಗೂಡಿನಲ್ಲಿ ನಿಲ್ಲುವುದಿಲ್ಲ, ಹೆದರಿದ ಉಳಿದ ಮರಿಗಳೂ ಅದರ ಹಿಂದೆಯೇ ಧುಮುಕಬಹುದು. ಹಾರಲು ಕಲಿಸುತ್ತೇನೆಂದು ಮೇಲಕ್ಕೆ ತೂರುವುದಂತೂ ಬೇಡವೇ ಬೇಡ. ಸೈಕಲ್ ಕಲಿಸಿದ ಹಾಗೆ ಯಾರೋ ಹಿಂದಿನಿಂದ ತಳ್ಳಿ ಕಲಿಸುವ ವಿದ್ಯೆ ಅದಲ್ಲ. ಎದೆಯ ಸ್ನಾಯು ಬಲಿತು, ರೆಕ್ಕೆಯ ಗರಿ ಪೂರ್ತಿ ಬೆಳೆದ ದಿನ ತಾನೇ ಹಾರುತ್ತದೆ.

ಬಿದ್ದ ಮರಿ ನೋಡಿದರೇ ಗೊತ್ತಾಗುತ್ತದೆ. ಮೈಯೆಲ್ಲ ಬೆತ್ತಲೆ, ಗುಲಾಬಿ ಚರ್ಮದ ಒಳಗೆ ಹೊಟ್ಟೆ ಕಾಣುತ್ತಿರುತ್ತದೆ, ಕಣ್ಣು ತೆರೆದಿರುವುದಿಲ್ಲ ಅಥವಾ ಆಗಷ್ಟೇ ಸೀಳಿರುತ್ತದೆ. ಸ್ವಲ್ಪ ದೊಡ್ಡದಾದರೆ ಗರಿಗಳು ಇನ್ನೂ ಕೊಳವೆಯೊಳಗಿದ್ದು ಮೈತುಂಬ ಮುಳ್ಳೆದ್ದಂತೆ ಇರುತ್ತದೆ. ನಿಲ್ಲಲಾರದು, ಹೊಟ್ಟೆಯ ಮೇಲೆ ತೆವಳುತ್ತದೆ. ಇದು ಗೂಡಿನಲ್ಲಿ ಇರಬೇಕಾದ ಮರಿ. ಆಲಿಕಲ್ಲು ಮಳೆಯ ಗಾಳಿಗೋ, ಒಡಹುಟ್ಟಿದವರ ತಳ್ಳಾಟಕ್ಕೋ, ಕೊಂಬೆ ಕಡಿದವರ ಮಚ್ಚಿಗೋ ಕೆಳಗೆ ಬಂದಿದೆ. ಇದಕ್ಕೆ ನಿಮ್ಮ ಕೈ ಬೇಕು.

ಕೈ ಎಂದೊಡನೆ ಒಂದು ಹಳೆಯ ಮಾತು ಅಡ್ಡ ಬರುತ್ತದೆ: ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ. ಮಲೆನಾಡಿನಲ್ಲೂ ಕೇಳಿದ್ದೇನೆ, ಬಯಲುಸೀಮೆಯಲ್ಲೂ ಕೇಳಿದ್ದೇನೆ. ಇದು ನಿಜವಲ್ಲ. ಹಕ್ಕಿಗಳಲ್ಲಿ ಮೂಗು ಚುರುಕಾಗಿರುವ ಜಾತಿಗಳೂ ಇವೆ, ಆದರೆ ನಮ್ಮ ಅಂಗಳದ ಹಕ್ಕಿಗಳು ಮರಿಯನ್ನು ಗುರುತಿಸುವುದು ಗೂಡಿನ ಜಾಗದಿಂದ, ಕೂಗಿನಿಂದ, ಅಗಲಿಸಿದ ಬಾಯಿಯ ಬಣ್ಣದಿಂದ. ಪಕ್ಷಿ ಸಂಶೋಧಕರು ಜಗತ್ತಿನೆಲ್ಲೆಡೆ ಗೂಡಿನಿಂದ ಮರಿಗಳನ್ನು ಎತ್ತಿ, ತೂಗಿ, ಕಾಲಿಗೆ ಉಂಗುರ ತೊಡಿಸಿ ಮರಳಿ ಇಡುತ್ತಾರೆ. ಹೆತ್ತವು ಬಂದು ಗುಟುಕು ಕೊಡುತ್ತವೆ. ಮುಟ್ಟಿದ್ದಕ್ಕೆ ಬಿಟ್ಟುಹೋಗುವುದಾದರೆ ಆ ವಿದ್ಯೆಯೇ ನಡೆಯುತ್ತಿರಲಿಲ್ಲ. ಹಾಗೆಂದು ಆ ಮಾತು ಪೂರ್ತಿ ವ್ಯರ್ಥವೂ ಅಲ್ಲ. ಮೊಟ್ಟೆಗೆ ಕಾವು ಕೂತ ಹೊತ್ತಿನಲ್ಲಿ ದಿನಕ್ಕೆ ನಾಲ್ಕು ಸಲ ಇಣುಕಿದರೆ ಹಕ್ಕಿ ಗೂಡು ತೊರೆಯುವುದುಂಟು. ಗೂಡಿಗೆ ಕೈ ಹಾಕುವ ಹುಡುಗರನ್ನು ತಡೆಯಲು ಯಾವಳೋ ಜಾಣ ಅಜ್ಜಿ ಕಟ್ಟಿದ ಮಾತಿರಬೇಕು ಎಂದು ನನ್ನ ಗುಮಾನಿ. ಬಿದ್ದ ಮರಿಯ ವಿಷಯದಲ್ಲಿ ಮಾತ್ರ ಅದನ್ನು ಪಕ್ಕಕ್ಕಿಡಬೇಕು.

ಎತ್ತಿದ ಕೂಡಲೇ ನೋಡಬೇಕಾದದ್ದು ಮೈ ಬೆಚ್ಚಗಿದೆಯೇ ಎಂಬುದು. ದೊಡ್ಡ ಹಕ್ಕಿಯ ಮೈ ನಮ್ಮ ಜ್ವರದ ಬಿಸಿಗಿಂತಲೂ ಹೆಚ್ಚು, ಸುಮಾರು 40ರಿಂದ 42 ಡಿಗ್ರಿ ಸೆಲ್ಸಿಯಸ್. ಬೆತ್ತಲೆ ಮರಿಗೆ ಆ ಶಾಖವನ್ನು ತಾನೇ ಹುಟ್ಟಿಸಿಕೊಂಡು ಉಳಿಸಿಕೊಳ್ಳುವ ಶಕ್ತಿ ಇರುವುದಿಲ್ಲ, ಅಮ್ಮನ ಹೊಟ್ಟೆಯಡಿಯ ಕಾವೇ ಗತಿ. ನೆಲದ ಮೇಲೆ ಅರ್ಧ ಗಂಟೆ ಬಿದ್ದರೆ ತಣ್ಣಗಾಗುತ್ತದೆ. ತಣ್ಣಗಾದ ಮರಿಗೆ ತಿಂದದ್ದು ಅರಗುವುದಿಲ್ಲ, ಬಾಯಿ ತೆರೆಯಲೂ ಆಗುವುದಿಲ್ಲ. ಬಾಯಿ ತೆರೆಯದ ಮರಿಯನ್ನು ಗೂಡಿಗೆ ಸೇರಿಸಿದರೂ ಹೆತ್ತವು ಬಾಯಿ ತೆರೆದ ಮರಿಗೇ ಗುಟುಕು ಕೊಟ್ಟು ಹೋಗುತ್ತವೆ. ಆದ್ದರಿಂದ ಮೊದಲು ಅಂಗೈಗಳ ನಡುವೆ ಇಟ್ಟು ಬೆಚ್ಚಗೆ ಮಾಡಿ. ಇರುವೆ ಮುತ್ತಿದ್ದರೆ ಒಂದೊಂದಾಗಿ ತೆಗೆಯಿರಿ. ನಮ್ಮ ನೆಲದಲ್ಲಿ ಮರಿಗಳನ್ನು ಬೆಕ್ಕಿಗಿಂತ ಮೊದಲು ಮುಟ್ಟುವುದು ಇರುವೆಗಳೇ.

ಆಮೇಲೆ ತಲೆಯೆತ್ತಿ ಗೂಡು ಹುಡುಕಬೇಕು. ಪಿಕಳಾರದ್ದಾದರೆ ದೂರ ಹೋಗಬೇಕಿಲ್ಲ, ಬಾಲ್ಕನಿಯ ಮಲ್ಲಿಗೆ ಕುಂಡ, ಪೋರ್ಟಿಕೊದ ದೀಪ, ಬಾಗಿಲ ಮೇಲಿನ ಬಳ್ಳಿ ನೋಡಿದರೆ ಸಾಕು. ಗೊರವಂಕ, ಗುಬ್ಬಚ್ಚಿಗಳದ್ದು ಗೋಡೆಯ ತೂತು, ಹಂಚಿನ ಸಂದು, ಬೋರ್ಡಿನ ಹಿಂದೆ. ಸಿಕ್ಕಿದರೆ ಅದರಲ್ಲೇ ಇಡಿ. ಒಳಗೆ ಇದೇ ತರದ ಮರಿಗಳಿವೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹತ್ತಿರದಲ್ಲಿರುವ ಯಾವುದೋ ಗೂಡಿಗೆ ತುರುಕುವುದು ದತ್ತು ಕೊಟ್ಟ ಹಾಗಲ್ಲ.

ಗೂಡೇ ಚಿಂದಿಯಾಗಿದ್ದರೆ? ಹೊಸದು ಕಟ್ಟಿಕೊಡಬಹುದು, ಹಕ್ಕಿಗಳು ಈ ವಿಷಯದಲ್ಲಿ ಅಚ್ಚರಿ ಹುಟ್ಟಿಸುವಷ್ಟು ಉದಾರಿಗಳು. ತೆಂಗಿನ ಕರಟ, ಚಿಕ್ಕ ಬಿದಿರು ಬುಟ್ಟಿ, ಐಸ್‌ಕ್ರೀಮ್ ಡಬ್ಬಿ, ಯಾವುದಾದರೂ ಆದೀತು. ತಳಕ್ಕೆ ನಾಲ್ಕಾರು ತೂತು ಇರಲೇಬೇಕು, ಇಲ್ಲದಿದ್ದರೆ ಮೊದಲ ಮಳೆಗೆ ಮರಿ ಮುಳುಗುತ್ತದೆ. ಒಳಗೆ ಒಣಹುಲ್ಲು, ಒಣ ಎಲೆ, ಕೆಡವಿದ ಗೂಡಿನ ಅವಶೇಷ. ಹತ್ತಿ ಮತ್ತು ಉದ್ದನೆಯ ನಾರು ಬೇಡ. ಉಗುರಿಗೆ ಸಿಕ್ಕಿಕೊಂಡು ಕಾಲು ಬಿಗಿಯುತ್ತದೆ. ಹಳೆಯ ಗೂಡಿದ್ದ ಜಾಗಕ್ಕೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ, ಮಧ್ಯಾಹ್ನದ ಬಿಸಿಲು ಬೀಳದ ಕಡೆ, ಬೆಕ್ಕು ನೆಗೆಯಲಾಗದ ಎತ್ತರದಲ್ಲಿ ಬಿಗಿಯಾಗಿ ಕಟ್ಟಿ. ಸೂರಕ್ಕಿಯ ಜೋಲಾಡುವ ಗೂಡು ಕೊಂಬೆ ಸಮೇತ ಕಳಚಿ ಬಿದ್ದಿದ್ದರೆ, ಅಥವಾ ಟುವ್ವಿ ಹಕ್ಕಿಯ ಎಲೆ ಹೊಲಿದ ಗೂಡು ತೊಟ್ಟು ಮುರಿದು ಬಿದ್ದಿದ್ದರೆ, ಹಾಗೇ ಎತ್ತಿ ಅದೇ ಗಿಡಕ್ಕೆ ದಾರದಿಂದ ಕಟ್ಟಿದರೂ ನಡೆಯುತ್ತದೆ.

ಕಟ್ಟಿದ ಮೇಲೆ ಕಷ್ಟದ ಕೆಲಸ: ಒಳಗೆ ಹೋಗಿ ಕಿಟಕಿಯ ಪರದೆ ಎಳೆದು ಸುಮ್ಮನೆ ಕೂರುವುದು. ಒಂದು ಗಂಟೆ, ಬೇಕಾದರೆ ಎರಡು. ಮೊದಮೊದಲು ಹೆತ್ತವು ಅನುಮಾನದಿಂದ ಸುತ್ತ ಹಾರುತ್ತವೆ, ಡಬ್ಬಿಯ ಅಂಚಿಗೆ ಬಂದು ವಾಪಸಾಗುತ್ತವೆ. ಒಳಗಿನ ಮರಿ ಹಸಿದು ಕೂಗಿತೆಂದರೆ ಅದನ್ನು ತಡೆದುಕೊಳ್ಳುವ ಶಕ್ತಿ ಯಾವ ಹಕ್ಕಿಗೂ ಇಲ್ಲ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಗುಟುಕು ಕೊಟ್ಟು ಹೋಗುವುದರಿಂದ ಅದು ನಿಮ್ಮ ಕಣ್ಣಿಗೆ ಬೀಳದೆಯೂ ಇರಬಹುದು. ಹೊಳೆಯುವ ಬಿಳಿ ಚೀಲದಂತಹ ಹಿಕ್ಕೆಯನ್ನು ಕಚ್ಚಿಕೊಂಡು ದೊಡ್ಡ ಹಕ್ಕಿ ಹಾರಿಹೋದದ್ದು ಕಂಡರೆ ಚಿಂತೆ ಬಿಡಿ. ಮರಿಯ ಮಲವನ್ನು ಹೊರಹಾಕುವ ತಾಯಿ ಮರಿಯನ್ನು ಒಪ್ಪಿಕೊಂಡಿದ್ದಾಳೆ. ಮರಿ ಸಿಕ್ಕಿದ್ದು ಮುಸ್ಸಂಜೆಯಾದರೆ ಲೆಕ್ಕ ಬೇರೆ. ಅಂಗಳದ ಹಕ್ಕಿಗಳು ರಾತ್ರಿ ಮರಿಗೆ ಉಣಿಸುವುದಿಲ್ಲ. ಗಾಳಿಯಾಡುವ ಡಬ್ಬಿಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಡಬ್ಬಿಯ ಅರ್ಧಭಾಗದ ಅಡಿ ಬಟ್ಟೆ ಸುತ್ತಿದ ಬಿಸಿನೀರ ಬಾಟಲಿ ಇಟ್ಟು, ಕತ್ತಲೆಯಲ್ಲಿ ಬಿಡಿ. ಬೆಳಕು ಹರಿಯುತ್ತಿದ್ದಂತೆ ಮರದ ಬುಡಕ್ಕೆ ಹಾಜರಾಗಿ.

ಈಗ ಊಟದ ಮಾತು. ಬೇಡ ಎನ್ನುವುದೇ ಇಲ್ಲಿ ಹೆಚ್ಚು. ಹಾಲು ಬೇಡ, ಹಾಲಿನ ಸಕ್ಕರೆಯನ್ನು ಅರಗಿಸುವ ವ್ಯವಸ್ಥೆ ಹಕ್ಕಿಯ ಹೊಟ್ಟೆಯಲ್ಲಿಲ್ಲ, ಭೇದಿಯಾಗಿ ಒಣಗಿ ಸಾಯುತ್ತದೆ. ಅನ್ನ, ಬ್ರೆಡ್ಡು, ಬಿಸ್ಕತ್ತಿನ ಪುಡಿ ಬೇಡ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ತನ್ನ ಎಳೆಮರಿಗೆ ಕೊಡುವುದು ಹುಳುಹುಪ್ಪಟೆಯನ್ನೇ. ಎಲ್ಲಕ್ಕಿಂತ ಅಪಾಯ ನೀರು. ಇಂಕ್ ಫಿಲ್ಲರ್‌ನಿಂದ, ಹತ್ತಿಯಿಂದ, ಗಂಗಾಜಲ ಬಿಟ್ಟ ಹಾಗೆ ಬಾಯಿಗೆ ಬಿಡುತ್ತಾರೆ. ಹಕ್ಕಿಯ ಉಸಿರಿನ ಕಂಡಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ. ಎರಡು ಹನಿ ಅಲ್ಲಿಗಿಳಿದರೆ ಶ್ವಾಸಕೋಶಕ್ಕೇ ಹೋಯಿತು. ‘ನೀರು ಕುಡಿಸಿದೆವು, ಸ್ವಲ್ಪ ಹೊತ್ತಿಗೇ ಹೋಗಿಬಿಟ್ಟಿತು’ ಎಂಬ ಮಾತಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಪಾರಿವಾಳದ ಮರಿಯದ್ದು ಇನ್ನೊಂದು ಬಗೆ. ಅದು ಬಾಯಗಲಿಸಿ ಬೇಡುವುದೇ ಇಲ್ಲ. ತನ್ನ ಕೊಕ್ಕನ್ನು ಅಪ್ಪ–ಅಮ್ಮನ ಬಾಯೊಳಗೆ ತೂರಿಸಿ, ಅವರ ಕುತ್ತಿಗೆಯ ಚೀಲದಲ್ಲಿ ಒಸರುವ ಗಿಣ್ಣಿನಂತಹ ಆಹಾರವನ್ನು ಹೀರುತ್ತದೆ. ಆ ಮರಿಯ ಬಾಯನ್ನು ಬಲವಂತವಾಗಿ ಬಿಡಿಸಿ ಏನು ತುರುಕಿದರೂ ಕೆಟ್ಟದ್ದೇ.

ಮರಿಯನ್ನು ಸಾಕಿ ದೊಡ್ಡದು ಮಾಡುತ್ತೇನೆ ಎನ್ನುವವರಿಗೆ ಒಂದು ಲೆಕ್ಕ: ಎಳೆಮರಿಗೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ತಿನ್ನಿಸಬೇಕು. ಆಫೀಸಿಗೆ ಹೋಗಿ ಬಂದು ಮಾಡುವ ಕೆಲಸವಲ್ಲ. ಗೆದ್ದರೂ ಸೋಲಾಗುವ ಸಂಭವವೇ ಹೆಚ್ಚು. ಬಾತುಮರಿಗಳು ಹುಟ್ಟಿದ ಹೊತ್ತಿನಲ್ಲಿ ಮೊದಲು ಕಂಡವರನ್ನೇ ತಾಯಿಯೆಂದು ಹಿಂಬಾಲಿಸುವುದನ್ನು ವಿವರಿಸಿದ ಕಾನ್ರಾಡ್ ಲೊರೆನ್ಜ್ 1973ರಲ್ಲಿ ನೊಬೆಲ್ ಪಡೆದವರಲ್ಲೊಬ್ಬರು. ಗೂಬೆ, ಹದ್ದುಗಳ ಮರಿಗಳಲ್ಲೂ ಇಂಥದ್ದೇ ಗುರುತು ಮನಸ್ಸಿಗೆ ಅಚ್ಚಾಗುತ್ತದೆ. ಮನುಷ್ಯರ ಕೈಯಲ್ಲಿ ಬೆಳೆದ ಹಕ್ಕಿ ಮನುಷ್ಯರಿಗೆ ಹೆದರುವುದಿಲ್ಲ, ತನ್ನವರನ್ನು ಗುರುತಿಸುವುದಿಲ್ಲ. ಅಂಥದ್ದನ್ನು ಬಿಟ್ಟರೆ ಮೊದಲ ಬೀದಿಯ ಬೆಕ್ಕಿನ ಹತ್ತಿರ ತಾನೇ ನಡೆದು ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಅಂಗಳದ ಚಿಕ್ಕ ಹಕ್ಕಿಗಳ ಕಾನೂನು. ಎಲ್ಲ ಹಕ್ಕಿಗೂ ಇದೇ ಹಿಡಿದರೆ ತಪ್ಪಾಗುತ್ತದೆ.

ಟಿಟ್ಟಿಭದ ಮರಿಗೆ ಗೂಡೆಂಬುದೇ ಇಲ್ಲ. ಉತ್ತ ಹೊಲದ ಹೆಂಟೆಗಳ ನಡುವೆ ಮೊಟ್ಟೆಯೊಡೆದು ಕೆಲವೇ ಗಂಟೆಗಳಲ್ಲಿ ಓಡಾಡುತ್ತದೆ, ಅಪಾಯವೆಂದರೆ ನೆಲಕ್ಕಂಟಿ ಕಲ್ಲಾಗುತ್ತದೆ. ನವಿಲು, ಕೌಜುಗಗಳ ಮರಿಗಳೂ ಓಟಗಾರರೇ. ಒಂಟಿಯಾಗಿದೆ ಎಂದು ಎತ್ತಿಕೊಂಡರೆ ನೀವೇ ಅನಾಥವನ್ನು ಸೃಷ್ಟಿಸಿದ ಹಾಗೆ. ರಸ್ತೆ ದಾಟಿಸಿ, ಅದು ಹೊರಟ ದಿಕ್ಕಿಗೇ ಬಿಡಬೇಕು. ಕಾಗೆಯ ಗೂಡಿನ ಕೆಳಗೆ ಸಿಕ್ಕಿದ್ದು ಕೋಗಿಲೆಯ ಮರಿಯಾಗಿದ್ದರೂ ಹೆದರಬೇಕಿಲ್ಲ, ಮೋಸಹೋದ ಕಾಗೆಯೇ ಬಂದು ಉಣಿಸುತ್ತದೆ, ನೀವು ಹತ್ತಿರ ಹೋದರೆ ನಿಮ್ಮ ತಲೆಗೂ ಕುಕ್ಕುತ್ತದೆ.

ಗೂಬೆಯ ಮರಿಗಳಿಗೆ ಬೇರೆಯೇ ಕಷ್ಟ. ಅಪಾರ್ಟ್‌ಮೆಂಟಿನ ಪೈಪ್ ಸಂದಿನಲ್ಲಿ, ಹಳೆಯ ಗೋದಾಮಿನಲ್ಲಿ ಬೆಳೆಯುವ ಕಣಜ ಗೂಬೆಯ ಮರಿ ಬಿಳಿ ತುಪ್ಪಳದ, ಹೃದಯಾಕಾರದ ಮುಖದ, ಬುಸುಗುಡುವ ಪ್ರಾಣಿ. 2017ರಲ್ಲಿ ವಿಶಾಖಪಟ್ಟಣದ ಕಟ್ಟಡವೊಂದರಲ್ಲಿ ಕಂಡ ಇಂಥ ಮರಿಗಳ ವಿಡಿಯೊ ಅನ್ಯಗ್ರಹದ ಜೀವಿಗಳೆಂದು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತ್ತು. ಗೂಬೆ ಕಂಡರೆ ಅಪಶಕುನ ಎಂಬವರು ಒಂದು ಕಡೆ, ಮಾಟಕ್ಕೆಂದು ದೀಪಾವಳಿಯ ಹೊತ್ತಿಗೆ ಹುಡುಕಿಕೊಂಡು ಬರುವವರು ಇನ್ನೊಂದು ಕಡೆ. ಈ ಹಕ್ಕಿಯ ಮರಿ ಬಿದ್ದ ಸುದ್ದಿಯನ್ನು ಬೀದಿಗೆಲ್ಲ ಹಂಚದಿರುವುದೇ ಅದಕ್ಕೆ ಮಾಡುವ ದೊಡ್ಡ ಉಪಕಾರ. ಮರದ ಪೊಟರೆಯ ಹಾಲಕ್ಕಿ ಗೂಬೆಯ ಮರಿಯಾದರೆ, ಪುಕ್ಕ ಬಂದಿದ್ದರೆ, ಒರಟು ಕಾಂಡಕ್ಕೆ ಆನಿಸಿ ಬಿಡಿ: ಉಗುರು, ಕೊಕ್ಕು, ರೆಕ್ಕೆ ಮೂರನ್ನೂ ಬಳಸಿ ತಾನೇ ಮೇಲೇರುತ್ತದೆ. ಅವುಗಳ ಅಪ್ಪ–ಅಮ್ಮ ಬರುವುದು ಕತ್ತಲಾದ ಮೇಲೆ.

ಹದ್ದಿನ ಮರಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ, ದಪ್ಪ ಟವೆಲ್ ಹೊದಿಸಿ ಹಿಡಿಯಿರಿ. ಬೆಳ್ಳಕ್ಕಿಯ ಮರಿಯನ್ನು ಮುಖದ ಹತ್ತಿರ ತರಬೇಡಿ. ಅದು ನೇರ ಕಣ್ಣಿಗೆ ಚುಚ್ಚುತ್ತದೆ. ಒಂದೊಂದು ದಿನದ ಅಂತರದಲ್ಲಿ ಮೊಟ್ಟೆಯೊಡೆಯುವ ಈ ಹಕ್ಕಿಗಳಲ್ಲಿ ಮೊದಲು ಹುಟ್ಟಿದ್ದು ಬಲಿಷ್ಠ, ಕೊನೆಯದು ಪೀಚು. ಮೇವು ಕಮ್ಮಿಯಾದ ವರ್ಷ ಅಣ್ಣಂದಿರು ತಮ್ಮನನ್ನು ಕುಕ್ಕಿ ಹೊರದೂಡುತ್ತಾರೆ.

ದೊಡ್ಡ ಹಕ್ಕಿಗಳು ಗುಂಪಾಗಿ ಗೂಡು ಕಟ್ಟುವ ಕಡೆ ಅಂಗಳದ ಕಾನೂನು ಪೂರ್ತಿ ತಿರುವುಮುರುವಾಗುತ್ತದೆ. ಇದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ. ಶಿಂಷಾ ನದಿಯ ಹತ್ತಿರದ ಈ ಊರಿನ ನಡುವಿನ ಹುಣಸೆ, ಅತ್ತಿ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಚಳಿಗಾಲದ ಹೊತ್ತಿಗೆ ಬಂದು ಸಂಸಾರ ಹೂಡುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಅವನ್ನು ಕರೆಯುವುದು ಹೊರಗಿನವರಿಗೆ ಹೇಳಲೆಂದು ಕಟ್ಟಿದ ಮಾತಲ್ಲ. ಮನೆಯ ಹೆಂಚಿನ ಮೇಲೆ ಮೀನಿನ ನಾತದ ಹಿಕ್ಕೆ ತಿಂಗಳುಗಟ್ಟಲೆ ಬೀಳುತ್ತಿದ್ದರೂ ಮರ ಕಡಿಯದವರ ಮಾತು. ಆ ಹಿಕ್ಕೆ ಹೊಲಕ್ಕೆ ಗೊಬ್ಬರವೂ ಆಗುತ್ತಿತ್ತು ಎಂಬುದು ನಿಜ, ಆದರೆ ಅಷ್ಟಕ್ಕೇ ಯಾರೂ ಹುಣಸೆಯ ಫಸಲು ಬಿಟ್ಟುಕೊಡುವುದಿಲ್ಲ.

ಹುಣಸೆಯ ತುದಿಯಲ್ಲಿ ಕಡ್ಡಿ ಒಟ್ಟಿದ ಅಟ್ಟಣೆಯೇ ಹೆಜ್ಜಾರ್ಲೆಯ ಗೂಡು. ಮರಿ ಬೆಳೆದಂತೆ ಜಾಗ ಸಾಲದು, ಗಾಳಿಗೆ ಆಯ ತಪ್ಪುತ್ತದೆ, ಕೆಳಗೆ ಬೀಳುತ್ತದೆ. ಪಿಕಳಾರವಾದರೆ ನೆಲಕ್ಕಿಳಿದು ಉಣಿಸುತ್ತಿತ್ತು. ಹೆಜ್ಜಾರ್ಲೆ ಇಳಿಯುವುದಿಲ್ಲ. ಅದರ ಮಟ್ಟಿಗೆ ಮರಿ ಎಂದರೆ ಗೂಡಿನಲ್ಲಿರುವುದು; ಅಂಗಳದಲ್ಲಿ ಬಿದ್ದು ಕೂಗುವುದು ತನ್ನದೆಂಬ ಅರಿವೇ ಇಲ್ಲ. ಅಲ್ಲಿ ‘ದೂರ ನಿಂತು ನೋಡಿ’ ಎಂದರೆ ಸಾಯುವುದನ್ನು ನೋಡಿ ಎಂದೇ ಅರ್ಥ. ಆದ್ದರಿಂದ ಊರಿನ ಯುವಕರು, ಮೈಸೂರಿನ ಹವ್ಯಾಸಿ ಪರಿಸರಾಸಕ್ತರ ಜೊತೆಗೂಡಿ, 1990ರ ದಶಕದಲ್ಲಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಬಿದ್ದ ಮರಿಗಳನ್ನು ಎತ್ತಿ ತಂದು, ಬಲೆ ಕಟ್ಟಿದ ಆವರಣದಲ್ಲಿ ಬಿಟ್ಟು, ಮೀನು ಹಾಕಿ, ರೆಕ್ಕೆ ಬಲಿತ ಮೇಲೆ ಹೊರಗೆ ಬಿಡುವ ಕೆಲಸ. ಒಂದೊಂದು ಮರಿ ತಿನ್ನುವ ಮೀನಿನ ಲೆಕ್ಕ ಹಿಡಿದರೆ ಇದು ಹೃದಯವಂತಿಕೆಯಷ್ಟೇ ಅಲ್ಲ, ಖರ್ಚಿನ ಬಾಬ್ತು. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಪಿಕಳಾರದ ಮರಿಗೆ ಕೈ ಕಟ್ಟಿ ಕೂತವರೂ ಹೆಜ್ಜಾರ್ಲೆಯ ಮರಿಗೆ ಮೀನು ತಂದವರೂ ಇಬ್ಬರೂ ಸರಿ. ಯಾವ ಹಕ್ಕಿ ಎಂದು ಕೇಳಿಕೊಳ್ಳದೆ ಮಾಡುವ ದಯೆಯೇ ದಾರಿ ತಪ್ಪುವುದು.

ಕೆಲವು ಸಂದರ್ಭಗಳಲ್ಲಿ ಮಾತ್ರ ಜಾತಿ, ವಯಸ್ಸು ನೋಡದೆ ಮರಿಯನ್ನು ಚಿಕಿತ್ಸೆಗೆ ಒಯ್ಯಲೇಬೇಕು. ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಕಂಡರೆ, ಮೈಮೇಲೆ ನೊಣದ ಮೊಟ್ಟೆಗಳಿದ್ದರೆ, ಹೆತ್ತ ಹಕ್ಕಿಗಳು ಸತ್ತು ಬಿದ್ದದ್ದು ಕಂಡರೆ. ಬೆಕ್ಕಿನ ಬಾಯಿಂದ ಬಿಡಿಸಿದ್ದಾದರೆ ಗಾಯ ಕಾಣದಿದ್ದರೂ ಸರಿಯೇ. ಬೆಕ್ಕಿನ ಹಲ್ಲು ಸೂಜಿಯಷ್ಟು ಸಣ್ಣ ತೂತು ಮಾಡಿ ಅದರ ಬಾಯಿಯ ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟಿರುತ್ತದೆ. ಆ್ಯಂಟಿಬಯಾಟಿಕ್ ಸಿಗದಿದ್ದರೆ ಒಂದೆರಡು ದಿನದಲ್ಲಿ ಮರಿ ಹೋಗುತ್ತದೆ. ಬೆಂಗಳೂರಿನವರಿಗೆ ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇದೆ, ಹಕ್ಕಿ ಮತ್ತು ಸರೀಸೃಪಗಳಿಗೆಂದೇ ಇರುವ ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಷನ್ ಸೆಂಟರ್ ಇದೆ. ಬೇರೆ ಊರಿನವರು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು, ತಾಲ್ಲೂಕಿನ ಪಶು ವೈದ್ಯರ ಬಾಗಿಲು ತಟ್ಟಬಹುದು. ಒಯ್ಯುವಾಗ ಡಬ್ಬಿ ಮುಚ್ಚಿರಲಿ, ಕಾರಿನಲ್ಲಿ ಹಾಡು ಬೇಡ, ಐದು ನಿಮಿಷಕ್ಕೊಮ್ಮೆ ತೆರೆದು ನೋಡುವುದೂ ಬೇಡ. ಮರಿ ಎಲ್ಲಿ ಸಿಕ್ಕಿತೆಂದು ಬರೆದುಕೊಳ್ಳಿ, ಗುಣವಾದ ಮೇಲೆ ಅಲ್ಲಿಗೇ ಮರಳಬೇಕಾದೀತು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಒಂದೇ ಕಡೆ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಮುಟ್ಟದೆ ಇಲಾಖೆಗೆ ತಿಳಿಸಿ, ಹಕ್ಕಿಜ್ವರದ ಕಾಲವಿದು.

ಕಾನೂನು ಇಲ್ಲಿ ನಾವಂದುಕೊಂಡದ್ದಕ್ಕಿಂತ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿ ನಿಮ್ಮ ವಶಕ್ಕೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಸಂಬಂಧಪಟ್ಟ ಅಧಿಕಾರಿಗೋ ತಿಳಿಸಬೇಕು. ಈ ಕಲಮು ಹೆಚ್ಚು ಉಲ್ಲಂಘನೆಯಾಗುವುದು ಗಿಳಿಮರಿಯ ವಿಷಯದಲ್ಲಿ. ಬೇಸಿಗೆಯಲ್ಲಿ ತೆಂಗಿನ ಪೊಟರೆಯಿಂದ ಬಿದ್ದ ಗಿಳಿಮರಿಗೆ ಮೊದಲು ಸಿಗುವುದು ಅನುಕಂಪ, ಎರಡನೇ ವಾರ ಹೆಸರು, ಮೂರನೇ ವಾರ ಪಂಜರ. ‘ನಾವು ಕೊಂಡು ತಂದದ್ದಲ್ಲ, ಅದಾಗಿ ಬಂದದ್ದು’ ಎಂಬ ಸಮಜಾಯಿಷಿ ಕಾನೂನಿಗೆ ಲೆಕ್ಕವಿಲ್ಲ.

ಎಷ್ಟೇ ಮಾಡಿದರೂ ಎಲ್ಲ ಮರಿಗಳೂ ಉಳಿಯುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಪಿಕಳಾರ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಎರಡು ಮೂರು ಮೊಟ್ಟೆ ಇಡುತ್ತದೆ. ಎಲ್ಲವೂ ಉಳಿದಿದ್ದರೆ ಬೆಂಗಳೂರಿನಲ್ಲಿ ಪಿಕಳಾರಗಳಿಗೇ ಮನೆ ಬಾಡಿಗೆಗೆ ಸಿಗುತ್ತಿರಲಿಲ್ಲ. ಕೆಂಬೂತ ಪಿಕಳಾರದ ಮರಿಯನ್ನು ಒಯ್ದರೆ ಅದರ ಪೊದೆಯಲ್ಲೂ ಬಾಯಗಲಿಸಿ ಕಾಯುತ್ತಿರುವ ಮರಿಗಳಿವೆ. ಅಲ್ಲಿ ಕೋಲು ಹಿಡಿದು ನ್ಯಾಯ ತೀರಿಸಲು ನಾನು ಹೋಗುವುದಿಲ್ಲ. ಬೆಕ್ಕಿನ ಮಾತು ಬೇರೆ. ಅದಕ್ಕೆ ಹಾಲು ಮೀನು ಹಾಕಿ ಸಾಕುವವರು ನಾವು, ಅದು ತರುವ ಮರಿ ಹಸಿವಿನ ಬೇಟೆಯಲ್ಲ. ಅಂಗಳದಲ್ಲಿ ಮರಿಗಳು ಇಳಿದಿವೆ ಎಂದು ಗೊತ್ತಾದ ಮೇಲೆ ಒಂದೆರಡು ವಾರ ಮುಂಜಾನೆ–ಸಂಜೆ ಬೆಕ್ಕನ್ನು ಒಳಗಿಟ್ಟುಕೊಂಡರೆ, ಯಾವ ಶೂ ಡಬ್ಬಿ, ಯಾವ ಬಿಸಿನೀರ ಬಾಟಲಿಗಿಂತಲೂ ಹೆಚ್ಚು ಮರಿ ಉಳಿಯುತ್ತವೆ.

ಬೆಕ್ಕಿಗಿಂತ ದೊಡ್ಡದು ಮಚ್ಚು. ಪ್ರತಿ ವರ್ಷ ಏಪ್ರಿಲ್–ಮೇನಲ್ಲಿ, ಗೂಡುಗಳು ತುಂಬಿ ತುಳುಕುವ ಹೊತ್ತಿನಲ್ಲೇ, ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆ ಸವರುವ ಗಾಡಿಗಳು ಬೀದಿಗೆ ಬರುತ್ತವೆ. ಗೂಡು ಕೆಡಿಸುವುದನ್ನು, ಮೊಟ್ಟೆ ಹಾಳುಮಾಡುವುದನ್ನು ವನ್ಯಜೀವಿ ಕಾಯ್ದೆ ಬೇಟೆಯ ವ್ಯಾಖ್ಯಾನದಲ್ಲೇ ಸೇರಿಸಿದೆ. ಆದರೆ ಗಾಡಿಯ ಮೇಲೆ ನಿಂತವನಿಗೆ ಕೊಟ್ಟ ಚೀಟಿಯಲ್ಲಿ ಇರುವುದು ರಸ್ತೆಯ ಹೆಸರು ಮಾತ್ರ. ಅವನ ಮೇಲೆ ಕೂಗಾಡಿ ಫಲವಿಲ್ಲ. ‘ಅಣ್ಣಾ, ಆ ಕೊಂಬೆಯಲ್ಲಿ ಗೂಡಿದೆ, ಅದೊಂದು ಬಿಡಿ’ ಎಂದು ಬೆರಳು ತೋರಿಸಿದರೆ, ತಂತಿಗೆ ತೀರಾ ತಾಗದ ಕೊಂಬೆಯಾದರೆ, ಬಹಳಷ್ಟು ಜನ ಬಿಡುತ್ತಾರೆ. ಪಿಕಳಾರಕ್ಕೆ ಬೇಕಾದ ರಿಯಾಯಿತಿ ಎರಡು ವಾರ, ಕಾಗೆಗೆ ಒಂದು ತಿಂಗಳು. ಬೆರಳು ತೋರಿಸಲು ಗೂಡು ಎಲ್ಲಿದೆಯೆಂದು ಮೊದಲೇ ಗೊತ್ತಿರಬೇಕು, ಅಷ್ಟೆ. ಇನ್ನು ಚೀಟಿ ಬರೆಯುವ ಮೇಜಿನವರಿಗೆ ಹೇಳುವುದು ಒಂದಿದೆ: ನವೆಂಬರ್ ತಿಂಗಳೂ ಮಳೆಗಾಲಕ್ಕೆ ಮುಂಚೆಯೇ ಬರುತ್ತದೆ, ಆಗ ಹೆಚ್ಚಿನ ಮರಗಳಲ್ಲಿ ಗೂಡುಗಳು ಖಾಲಿ.